ನಿಧಿಯ ಋಣ

ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಗೆ ಸಮೀಪವಾಗಿ, ಕುಬಟೂರೆಂಬ ಗ್ರಾಮವುಂಟು. ಆ ಊರನ್ನು ಹೊಕ್ಕವರಿಗೆ ಕಾಣುವುದು ಕೆರೆ, ಗದ್ದೆ, ತೋಟ, ಹೆಂಚಿನ ಮನೆಗಳು. ಇವುಗಳ ಜೊತೆಗೆ ಕೈಟಭೇಶ್ವರನ ದೇವಾಲಯ. ಕನ್ನಡಿಯಂತೆ ನುಣುಪಾದ ಅದರ ಕಂಬಗಳನ್ನು ಕಂಡವರು, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಗುಡಿ ಹೇಗೆ ಬಂದಿತೆಂದು ಕೇಳುವುದು ಸಹಜವಾಗಿದೆ. ಉತ್ತರವು ಸುಲಭವಾದುದು: ಗುಡಿ ಕಟ್ಟಿದ ಕಾಲದಲ್ಲಿ ಊರು ಸಣ್ಣದಾಗಿರಲಿಲ್ಲ. ಕದಂಬ ರಾಣಿ ಮಾಳಲದೇವಿಯು ೧೦೭೭ರಲ್ಲಿ ಇಲ್ಲಿ ಪಾರ್ಶ್ವನಾಥನ ಬಸದಿಯನ್ನು ಮಾಡಿಸಿ, ಊರಿನ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನಿಡಿಸಿದಳೆಂದು ಶಾಸನದಿಂದ ತಿಳಿಯುತ್ತದೆ. ಪಂಡಿತರೂ ಶಿಲ್ಪಿಗಳೂ ವರ್ತಕರೂ ನೆಲಸಿದ್ದ ಊರದು. ಆ ಸಂಪತ್ತು ಯಾವಾಗಲೋ ಎದ್ದುಹೋಯಿತು, ಕಲ್ಲು ಉಳಿಯಿತು.

ಈ ಊರೇ ಚಂದ್ರಹಾಸನ ಕುಂತಲನಗರವೆಂದು ಪ್ರತೀತಿ. ಆ ಕಥೆಯನ್ನು ಕನ್ನಡಿಗರು ಲಕ್ಷ್ಮೀಶನ ಜೈಮಿನಿಭಾರತದಿಂದ ಬಲ್ಲರು. ಕೇರಳದ ಅರಸುಮಗನೊಬ್ಬನು ತಂದೆತಾಯಿಗಳನ್ನು ಕಳೆದುಕೊಂಡು, ದಾದಿಯ ಕಂಕುಳಲ್ಲಿ ಈ ನಗರಕ್ಕೆ ಬಂದು, ಅವಳೂ ಸತ್ತಮೇಲೆ ಬೀದಿಯಲ್ಲಿ ತಿರಿದುಣ್ಣುವವನಾದನು. ಮುಂದೆ, ಅವನಿಗೆ ವಿಷವನ್ನು ಕೊಡಬೇಕೆಂದು ಮಂತ್ರಿಯು ಬರೆದ ಓಲೆಯಲ್ಲಿ ಮಂತ್ರಿಯ ಮಗಳು ಒಂದಕ್ಷರವನ್ನು ತಿದ್ದಲು, ವಿಷವು ವಿಷಯೆಯಾಯಿತು. ಸಾಯಬೇಕಾದವನು ಅಳಿಯನಾದನು, ಕಡೆಗೆ ಅರಸನೂ ಆದನು. ಭಕ್ತರು ಈ ಕಥೆಯಲ್ಲಿ ಶ್ರೀಹರಿಯ ಕೃಪೆಯನ್ನು ಕಾಣುವರು; ಅದು ಯುಕ್ತವೇ. ಆದರೆ ಕಥೆಯೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಒಂದಕ್ಷರದಿಂದ ಒಬ್ಬನಿಗೆ ರಾಜ್ಯವು ಬಂದಿತಷ್ಟೆ. ಅಂತಹ ಅಕ್ಷರವು ಯಾರಿಗೆ ಬೀಳಲಿಲ್ಲವೋ, ಅದೇ ಬೀದಿಯಲ್ಲಿ ಅವನೊಡನೆ ತಿರಿದುಣ್ಣುತ್ತಿದ್ದ ಇತರ ಬಾಲಕರ ಗತಿಯೇನು? ಸಿಂಹಾಸನವನ್ನೇರಿದವನು ಅವರಿಗೆ ಏನನ್ನಾದರೂ ಸಲ್ಲಿಸಬೇಕಾದುದುಂಟೋ? ಉಂಟಾದರೆ ಅದು ದಯೆಯೋ, ಸಾಲವೋ?

ಈ ಪ್ರಶ್ನೆಯು ಒಬ್ಬ ಮನುಷ್ಯನನ್ನು ಕುರಿತಾಗಿರುವಾಗ ಸಣ್ಣದಾಗಿ ತೋರುವುದು. ದೇಶದೇಶಗಳನ್ನು ಕುರಿತು ಕೇಳಿದಾಗ ಅದರ ಗಾತ್ರವು ತಿಳಿಯುವುದು. ಇಂದಿನ ಜಗತ್ತಿನಲ್ಲಿ ಇದಕ್ಕೆ ಮುಸಲ್ಮಾನರು ಬಹುಸಂಖ್ಯಾತರಾಗಿರುವ ದೇಶಗಳಿಗಿಂತ ಸ್ಪಷ್ಟವಾದ ಉದಾಹರಣೆಯು ಸಿಕ್ಕಲಾರದು. ಅಂತಹ ದೇಶಗಳು ಸುಮಾರು ಐವತ್ತು. ಅಲ್ಲೆಲ್ಲ ಜನರು ಒಂದೇ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುವರು; ಒಂದೇ ತಿಂಗಳು ಉಪವಾಸವಿರುವರು. ಆದರೆ ಕತಾರ ದೇಶದ ವಾರ್ಷಿಕ ಉತ್ಪತ್ತಿಯನ್ನು ತಲೆಗೆ ಹಂಚಿದರೆ ಎಪ್ಪತ್ತು ಸಾವಿರ ಡಾಲರಿಗೂ ಮಿಗುವುದು. ಆಫ್ರಿಕದ ನೈಜರ್, ಸೊಮಾಲಿಯ ಮತ್ತು ಅರೇಬಿಯದ ದಕ್ಷಿಣದ ಅಂಚಿನಲ್ಲಿರುವ ಯಮನ್ ದೇಶಗಳಲ್ಲಿ ಅದು ಒಂದು ಸಾವಿರಕ್ಕೂ ಕಡಿಮೆ. ಮೊದಲಿನದಕ್ಕೂ ನೈಜರಿಗೂ ಇರುವ ಅಂತರವು ಸುಮಾರು ನೂರು ಮಡಿ.

ಈ ಅಂತರವನ್ನು ಕಂಡು ಇಬ್ಬರು ಬೇಗನೆ ತೀರ್ಪು ಹೇಳಿಬಿಡುವರು. ಒಬ್ಬನು, ಕೊಲ್ಲಿಯ ನಗರಗಳ ಗಗನಚುಂಬಿಗಳನ್ನು ತೋರಿಸಿ, ಇದು ದೈವಭಕ್ತಿಯ ಫಲವೆನ್ನುವನು. ಮತ್ತೊಬ್ಬನು, ಸೊಮಾಲಿಯದ ಹಸಿದ ಮಕ್ಕಳನ್ನು ತೋರಿಸಿ, ಇದು ಆ ಮತದ ದೋಷವೆನ್ನುವನು. ಇಬ್ಬರ ತರ್ಕವೂ ಒಂದೇ ಕಲ್ಲಿಗೆ ತಾಗಿ ಒಡೆಯುತ್ತದೆ. ಯಾವುದು ಎರಡು ಕಡೆಯಲ್ಲಿಯೂ ಸಮಾನವಾಗಿದೆಯೋ ಅದು ಅವುಗಳ ಭೇದಕ್ಕೆ ಕಾರಣವಾಗಲಾರದು. ಇದು ನ್ಯಾಯಶಾಸ್ತ್ರದ ಮೊದಲನೆಯ ಪಾಠ. ಒಂದೇ ನೀರನ್ನು ಹಾಯಿಸಿದ ಎರಡು ಗದ್ದೆಗಳಲ್ಲಿ ಒಂದು ಬೆಳೆದು ಒಂದು ಒಣಗಿದರೆ, ನೀರನ್ನು ಹೊಗಳುವುದೂ ತೆಗಳುವುದೂ ವ್ಯರ್ಥ. ಮಣ್ಣನ್ನೂ ಬದುವನ್ನೂ ಒಕ್ಕಲಿಗನನ್ನೂ ನೋಡಬೇಕು.

ಇನ್ನು ಕಾಲವನ್ನು ನೋಡಿದರೆ ಈ ತೀರ್ಪುಗಳು ಮತ್ತಷ್ಟು ದುರ್ಬಲವಾಗುವುವು. ೧೩೨೪ರಲ್ಲಿ ಪಶ್ಚಿಮ ಆಫ್ರಿಕದ ಮಾಲಿ ದೇಶದ ದೊರೆ ಮಾನ್ಸಾ ಮೂಸನು ಮಕ್ಕಾಯಾತ್ರೆಗೆ ಹೊರಟು ಕೈರೋ ನಗರದಲ್ಲಿ ತಂಗಿದನು. ಅವನೂ ಅವನ ಪರಿವಾರವೂ ಅಲ್ಲಿ ಚೆಲ್ಲಿದ ಚಿನ್ನದಿಂದ ಆ ಪಟ್ಟಣದಲ್ಲಿ ಚಿನ್ನದ ಬೆಲೆಯೇ ಇಳಿದು, ಹಲವು ವರ್ಷ ಏಳಲಿಲ್ಲವೆಂದು ಆ ಕಾಲದ ಅರಬ್ಬೀ ಗ್ರಂಥಕರ್ತರು ಬರೆದಿದ್ದಾರೆ. ಆ ಮಾಲಿಯು ಇಂದು ಜಗತ್ತಿನ ಅತ್ಯಂತ ಬಡ ದೇಶಗಳಲ್ಲೊಂದು. ಅದೇ ಶತಮಾನದಲ್ಲಿ ಪರ್ಷಿಯ ಕೊಲ್ಲಿಯ ತೀರದ ಜನರು ಉಸಿರು ಬಿಗಿಹಿಡಿದು ಕಡಲಿಗೆ ಧುಮುಕಿ ಮುತ್ತನ್ನಾಯ್ದು ಬದುಕುತ್ತಿದ್ದರು. ಆರು ನೂರು ವರ್ಷಗಳ ಅನಂತರವೂ ಅವರ ಬದುಕು ಅದೇ ಆಗಿತ್ತು. ಜಪಾನೀಯರು ಮುತ್ತನ್ನು ಸಾಕಿ ಬೆಳೆಸುವ ಉಪಾಯವನ್ನು ಕಂಡುಹಿಡಿದರು. ೧೯೨೯ರ ಆರ್ಥಿಕ ಮುಗ್ಗಟ್ಟೂ ಅದರ ಬೆನ್ನಿಗೇ ಬಂದಿತು. ಮುತ್ತಿನ ಪೇಟೆಯು ಮುರಿದು, ಆ ತೀರದ ಮನೆಗಳಲ್ಲಿ ಹೊಟ್ಟೆಗಿಲ್ಲದಂತಾಯಿತು.

ಆ ದಿನಗಳಲ್ಲಿ ಕೊಲ್ಲಿಯ ರೇವುಗಳಲ್ಲಿ ಚಲಾವಣೆಯಲ್ಲಿದ್ದುದು ಹಿಂದೂಸ್ಥಾನದ ರೂಪಾಯಿ. ಅಕ್ಕಿ, ಬಟ್ಟೆ, ದೋಣಿ ಕಟ್ಟುವ ತೇಗ ಎಲ್ಲವೂ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದುವು. ೧೯೫೯ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಆ ಪ್ರಾಂತಕ್ಕಾಗಿಯೇ ಬೇರೆ ನೋಟುಗಳನ್ನು ಅಚ್ಚುಹಾಕಿಸಿತು. ೧೯೬೬ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದಮೇಲೆ, ಅದುವರೆಗೂ ಅದನ್ನು ಬಳಸುತ್ತಿದ್ದ ಕತಾರ, ದುಬೈ ಮೊದಲಾದುವು ಅದನ್ನು ಬಿಟ್ಟುಕೊಟ್ಟುವು. ಇಂದಿನ ಹಿರಿಯರ ಬಾಲ್ಯಕಾಲದ ಮಾತಿದು. ಅಷ್ಟು ಸಮೀಪದಲ್ಲಿಯೇ ಸಾಲ ಕೊಡುವವನೂ ಕೊಳ್ಳುವವನೂ ಸ್ಥಾನಗಳನ್ನು ಬದಲಾಯಿಸಿಕೊಂಡರು.

ಕನ್ನಡ ನಾಡಿನಲ್ಲಿ ಈ ಬದಲಾವಣೆಯ ಸಾಕ್ಷಿಯು ಭಟ್ಕಳ. ಕುಬಟೂರಿನಿಂದ ಘಟ್ಟವನ್ನಿಳಿದು ಸಮುದ್ರವನ್ನು ಮುಟ್ಟಿದರೆ ಸಿಕ್ಕುವ ಹಳೆಯ ರೇವುಗಳಲ್ಲಿ ಇದು ಮುಖ್ಯವಾದುದು. ವಿಜಯನಗರದ ಅರಸರ ಲಾಯಗಳಿಗೆ ಬೇಕಾದ ಕುದುರೆಗಳು ಅರೇಬಿಯ, ಪರ್ಷಿಯ ದೇಶಗಳಿಂದ ಬಂದು ಇಲ್ಲಿಳಿಯುತ್ತಿದ್ದುವು. ಇಲ್ಲಿಂದ ಅಕ್ಕಿಯೂ ಸಕ್ಕರೆಯೂ ಹಡಗನ್ನೇರುತ್ತಿದ್ದುವು. ಆ ವ್ಯಾಪಾರದೊಡನೆ ಬಂದು ನೆಲಸಿದವರ ಸಂತತಿಯವರೇ ತಾವೆಂದು ಅಲ್ಲಿಯ ನವಾಯತರು ಹೇಳಿಕೊಳ್ಳುವರು. ವಿಜಯನಗರವು ಅಳಿಯಿತು, ಪೋರ್ಚುಗೀಸರು ಕಡಲನ್ನಾಳಿದರು, ರೇವು ಬತ್ತಿತು. ನವಾಯತರು ಅಂಗಡಿ ಇಡುವುದಕ್ಕೆ ದೂರದೂರಿನ ಪಟ್ಟಣಗಳಿಗೆ ಹೋದರು. ೧೯೭೩ರ ಅನಂತರ, ಎಣ್ಣೆಯ ಬೆಲೆಯು ಕೆಲವು ತಿಂಗಳಲ್ಲಿಯೇ ನಾಲ್ಕುಪಟ್ಟಾಗಿ, ಕೊಲ್ಲಿಯ ದೇಶಗಳಲ್ಲಿ ಹಣದ ಹೊಳೆ ಹರಿದಾಗ, ಭಟ್ಕಳದ ತರುಣರು ಪೂರ್ವಿಕರು ಬಂದ ದಾರಿಯಲ್ಲಿಯೇ ಹಿಂದಿರುಗಿ ದುಬೈ ಮೊದಲಾದ ಕಡೆಗಳಿಗೆ ಹೋದರು. ಉಡುಪಿ ಮಂಗಳೂರುಗಳಿಂದ ಹಿಂದೂಗಳೂ ಕ್ರೈಸ್ತರೂ ಬ್ಯಾರಿಗಳೂ ಹೋದರು. ಅವರು ಕಳುಹಿಸಿದ ಹಣದಿಂದ ಮನೆಗಳೆದ್ದುವು, ಮದುವೆಗಳಾದುವು, ಮಕ್ಕಳು ಓದಿದರು. ಆದರೆ ಒಂದನ್ನು ಗಮನಿಸಬೇಕು: ಭಟ್ಕಳದಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಎಂಬ ವಿದ್ಯಾಸಂಸ್ಥೆಯು ಹುಟ್ಟಿದುದು ೧೯೧೯ರಲ್ಲಿ, ಕೊಲ್ಲಿಯ ಹಣವು ಬರುವುದಕ್ಕೆ ಅರ್ಧ ಶತಮಾನ ಮೊದಲು. ಭಾಗ್ಯವು ಬಾಗಿಲಿಗೆ ಬಂದಾಗ ಅದನ್ನು ಓದಿಕೊಳ್ಳಬಲ್ಲ ಕಣ್ಣುಗಳು ಅಲ್ಲಿ ಆಗಲೇ ಸಿದ್ಧವಾಗಿದ್ದುವು.

ಹಾಗಾದರೆ ಕೊಲ್ಲಿಯ ದೇಶಗಳ ಐಶ್ವರ್ಯಕ್ಕೆ ಕಾರಣವೇನು? ನೆಲದಡಿಯ ಎಣ್ಣೆ. ಅದು ಬಹರೈನಿನಲ್ಲಿ ೧೯೩೨ರಲ್ಲಿಯೂ, ಕುವೈತಿನಲ್ಲಿಯೂ ಸೌದಿ ಅರೇಬಿಯದಲ್ಲಿಯೂ ೧೯೩೮ರಲ್ಲಿಯೂ ದೊರೆಯಿತು. ಅದಕ್ಕೆ ಹದಿನಾರು ವರ್ಷಗಳ ಮೊದಲು, ೧೯೨೨ರಲ್ಲಿ, ಉಕೈರ್ ಎಂಬಲ್ಲಿ ಸೇರಿದ ಸಭೆಯಲ್ಲಿ, ಇರಾಕು, ಕುವೈತ್, ನಜ್ದ್‌ಗಳ ನಡುವಣ ಎಲ್ಲೆಯ ಜಗಳವು ತೀರದಿರಲು, ಆಂಗ್ಲ ಪ್ರತಿನಿಧಿ ಸರ್ ಪರ್ಸಿ ಕಾಕ್ಸನು ಕೆಂಪು ಪೆನ್ಸಿಲನ್ನು ತೆಗೆದುಕೊಂಡು ಭೂಪಟದ ಮೇಲೆ ಗೆರೆಯನ್ನೆಳೆದುಬಿಟ್ಟನು. ಮರಳಿನ ಕೆಳಗೆ ಏನಿದೆಯೆಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಚಂದ್ರಹಾಸನ ಓಲೆಯಲ್ಲಿ ಒಂದಕ್ಷರ. ಇಲ್ಲಿ ಒಂದು ಗೆರೆ. ಗೆರೆಯ ಈಚೆಗೆ ಹುಟ್ಟಿದವನು ಧನಿಕನಾದನು, ಆಚೆಗೆ ಹುಟ್ಟಿದವನು ಆಗಲಿಲ್ಲ. ಇದರಲ್ಲಿ ಯಾರ ಪುಣ್ಯವೂ ಯಾರ ಪಾಪವೂ ಕಾಣುವುದಿಲ್ಲ. ಪೂರ್ವಜನ್ಮದ ಕರ್ಮವೆಂದು ಹೇಳಿ ಸುಮ್ಮನಾಗುವವರೂ ಉಂಟು. ಆದರೆ ಕರ್ಮಸಿದ್ಧಾಂತವು ತನ್ನ ಕಷ್ಟವನ್ನು ಸೈರಿಸುವುದಕ್ಕೆ ಹೇಳಿದ ಮಾತೇ ಹೊರತು, ಪರರ ಕಷ್ಟವನ್ನು ನೋಡಿ ಕಣ್ಣುಮುಚ್ಚಿಕೊಳ್ಳುವುದಕ್ಕೆ ಹೇಳಿದುದಲ್ಲ.

ನಿಧಿಯಿದ್ದ ಮಾತ್ರಕ್ಕೆ ದೇಶವು ಬದುಕುವುದೆಂಬುದೂ ಸುಳ್ಳು. ನೈಜರ್ ದೇಶದ ಅರ್ಲಿತ್ ಎಂಬಲ್ಲಿ ೧೯೭೧ರಿಂದಲೂ ಯುರೇನಿಯಂ ಅದುರನ್ನು ತೆಗೆಯುತ್ತ ಬಂದಿದ್ದಾರೆ. ಅದು ಬಹುಕಾಲ ಫ್ರಾನ್ಸಿನ ವಿದ್ಯುದಾಗಾರಗಳಿಗೆ ಸಾಗಿತು. ಅದನ್ನು ಹೆತ್ತ ನಾಡಿನಲ್ಲಿಯೋ ಬಹುಪಾಲು ಮನೆಗಳಿಗೆ ಇನ್ನೂ ವಿದ್ಯುದ್ದೀಪವಿಲ್ಲ. ಇರಾಕಿಗೆ ಎಣ್ಣೆಯೂ ಇತ್ತು, ಎರಡು ಮಹಾನದಿಗಳೂ ಇದ್ದುವು, ಪುರಾತನವಾದ ವಿದ್ಯೆಯೂ ಇತ್ತು. ೧೯೮೦ರಲ್ಲಿ ಇರಾನಿನ ಮೇಲೆ, ೧೯೯೦ರಲ್ಲಿ ಕುವೈತಿನ ಮೇಲೆ ಅದರ ಅಧಿಪತಿಯು ಹೂಡಿದ ಯುದ್ಧಗಳೂ, ೨೦೦೩ರಲ್ಲಿ ಪರರು ಅದರ ಮೇಲೆ ಹೂಡಿದ ಯುದ್ಧವೂ ಸೇರಿ ಒಂದು ತಲೆಮಾರಿನ ಬಾಳನ್ನು ಮಣ್ಣುಗೂಡಿಸಿದುವು. ಸೊಮಾಲಿಯದಲ್ಲಿ ೧೯೯೧ರಲ್ಲಿ ಸರಕಾರವೇ ಕುಸಿಯಿತು. ಇತ್ತ, ಎಣ್ಣೆಯ ನಿಧಿಯಿಲ್ಲದೆ ೧೯೭೧ರಲ್ಲಿ ರಕ್ತದ ಮಡುವಿನಲ್ಲಿ ಹುಟ್ಟಿ, ೧೯೭೪ರಲ್ಲಿ ಘೋರವಾದ ಕ್ಷಾಮವನ್ನು ಕಂಡ ಬಾಂಗ್ಲಾದೇಶವು, ಲಕ್ಷಾಂತರ ಹೆಂಗಸರು ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿದುದರಿಂದ ಬಹುದೂರ ಮೇಲೆ ಬಂದಿತು. ಮಲೇಷಿಯದಲ್ಲಿ ೧೯೭೦ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳು ಬಡತನದಲ್ಲಿದ್ದುವು. ಈಗ ಹತ್ತರಲ್ಲೊಂದಕ್ಕೂ ಕಡಿಮೆ. ಅಂತು, ನಿಧಿಯು ಬರುವುದು ದೈವದಿಂದ. ಅದನ್ನು ಬದುಕನ್ನಾಗಿ ಮಾಡುವುದು ಶಾಂತಿ, ವಿದ್ಯೆ, ನ್ಯಾಯವಾದ ಆಳಿಕೆ ಮತ್ತು ಕೈಗಳ ದುಡಿಮೆ. ದೈವದ ಪಾಲು ಎಷ್ಟಿದೆಯೋ ಅಷ್ಟಕ್ಕೆ ಹೆಮ್ಮೆಪಡುವ ಹಕ್ಕಿಲ್ಲ. ಹಾಗಾದರೆ ಆ ಪಾಲನ್ನು ಏನು ಮಾಡಬೇಕು? ಧರ್ಮದ ಪ್ರಶ್ನೆಯು ಇಲ್ಲಿ ಮೊದಲಾಗುತ್ತದೆ.

ಇದಕ್ಕೆ ಇಸ್ಲಾಂ ಧರ್ಮಶಾಸ್ತ್ರದಲ್ಲಿಯೇ ಬಹು ಸೂಕ್ಷ್ಮವಾದ ಒಂದು ಉತ್ತರವಿದೆ. ಹೊರಗಿನವರಿಗೆ ಅದು ಅಷ್ಟಾಗಿ ತಿಳಿಯದು. ಮಿತಿಗೆ ಮೀರಿದ ಬೆಳ್ಳಿಬಂಗಾರವು ಒಂದು ವರ್ಷ ಕೈಯಲ್ಲಿ ನಿಂತರೆ ಅದರ ನಲವತ್ತರಲ್ಲೊಂದು ಭಾಗವನ್ನು ಜಕಾತ್ ಆಗಿ ಸಲ್ಲಿಸಬೇಕು. ರೈತನು ನೀರನ್ನೆತ್ತಿ ಬೆಳೆದ ಪೈರಿನಲ್ಲಿ ಇಪ್ಪತ್ತರಲ್ಲೊಂದು. ಮಳೆಯ ನೀರಿನಿಂದಲೇ ಬೆಳೆದುದಾದರೆ ಹತ್ತರಲ್ಲೊಂದು. ನೆಲದಲ್ಲಿ ಹೂತಿದ್ದ ಪೂರ್ವಕಾಲದ ನಿಧಿ ಸಿಕ್ಕಿದರೆ ಐದರಲ್ಲೊಂದು. ನಲವತ್ತು, ಇಪ್ಪತ್ತು, ಹತ್ತು, ಐದು: ಮನುಷ್ಯನ ಬೆವರು ಕಡಿಮೆಯಾದಂತೆಲ್ಲ ಪರರ ಪಾಲು ಇಮ್ಮಡಿಯಾಗುತ್ತ ಹೋಗುತ್ತದೆ. ಗಣಿಗಳ ವಿಷಯದಲ್ಲಿ ಅವರ ಪಂಡಿತರಲ್ಲಿ ಮತಭೇದವಿದೆ. ನೆಲದೊಡೆಯನದೆನ್ನುವವರೂ, ಸಮುದಾಯದ ಪರವಾಗಿ ರಾಜ್ಯದ್ದೆನ್ನುವವರೂ ಉಂಟು. ಆದರೆ ಮೇಲಿನ ಲೆಕ್ಕದ ಮರ್ಮದಲ್ಲಿ ಸಂದೇಹವಿಲ್ಲ. ಬೆವರಿಳಿಸದೆ ಬಂದುದರಲ್ಲಿ ನಿನ್ನದು ಕಡಿಮೆ, ಪರರದು ಹೆಚ್ಚು ಎಂಬುದೇ ಅದು.

ಆರ್ಯ ಧರ್ಮಶಾಸ್ತ್ರಗಳೂ ಈ ವಿಷಯವನ್ನು ಬಿಟ್ಟಿಲ್ಲ. ಒಡೆಯನಿಲ್ಲದ ಪುರಾತನ ನಿಧಿಯಲ್ಲಿಯೂ ಭೂಮಿಯೊಳಗಿನ ಲೋಹಗಳಲ್ಲಿಯೂ ರಾಜನಿಗೆ ಅರ್ಧವೆಂದು ಮನುವು ವಿಧಿಸಿದ್ದಾನೆ. ರಾಜನು ಭೂಮಿಯನ್ನು ರಕ್ಷಿಸುವನೆಂಬುದೇ ಅದಕ್ಕೆ ಕೊಟ್ಟ ಕಾರಣ. ಎಂದರೆ, ರಕ್ಷಣೆಯ ಹೊಣೆಯಿಲ್ಲದ ಕಡೆ ಪಾಲೂ ಇಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟು ಭೋಗಗಳನ್ನು ಬಿಡಿಬಿಡಿಯಾಗಿ ಹೆಸರಿಸುವ ಪದ್ಧತಿಯಿತ್ತು. ಮೇಲಣ ಮಣ್ಣನ್ನು ಪಡೆದವನಿಗೆ ಕೆಳಗಣ ನಿಧಿಯು ತಾನಾಗಿಯೇ ಸಲ್ಲುವುದಿಲ್ಲ, ಹೇಳಿ ಕೊಟ್ಟರೆ ಮಾತ್ರ ಸಲ್ಲುವುದು ಎಂಬ ವಿವೇಕವು ಅದರಲ್ಲಿ ಅಡಗಿದೆ.

ಮಲೆನಾಡಿನವರಿಗೆ ಇದರ ಅನುಭವವು ಗಂಧದ ಮರದಿಂದ ಉಂಟು. ಗಂಧವು ನೆಟ್ಟು ನೀರೆರೆಯದೆ, ಹಕ್ಕಿಯು ಉದುರಿಸಿದ ಬೀಜದಿಂದ ಬೇಲಿಯ ಸಾಲಿನಲ್ಲಿ ತಾನೇ ಹುಟ್ಟುವುದು. ನೆರೆಯ ಗಿಡಗಳ ಬೇರಿನಿಂದ ರಸವನ್ನು ಹೀರಿ ಬೆಳೆಯುವುದು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. ಅವನ ರಾಜ್ಯವು ಹೋದರೂ ಆ ಕಟ್ಟಳೆಯು ಹೋಗಲಿಲ್ಲ. ೨೦೦೧ರಲ್ಲಿ ಅರಣ್ಯದ ಕಾಯಿದೆಯನ್ನು ತಿದ್ದುವವರೆಗೆ ರೈತನ ಹಿತ್ತಲಿನ ಗಂಧವು ರೈತನದಾಗಿರಲಿಲ್ಲ. ಅದರ ಫಲವೇನಾಯಿತು? ಕಳ್ಳನು ಕದ್ದರೆ ತನ್ನ ತಲೆಗೆ ಬಂದೀತೆಂಬ ಭಯದಿಂದ ಸಸಿಯನ್ನೇ ಕಿತ್ತೊಗೆದವರೂ ಉಂಟು. ಸೊರಬ ಸಾಗರಗಳ ಗುಡಿಗಾರರ ಉಳಿಗೆ ಗಂಧದ ಕೊರಡು ದುರ್ಲಭವಾಯಿತು. ಎಲ್ಲವೂ ರಾಜ್ಯದ್ದೆಂದರೆ ಕಾಯುವವನಿಲ್ಲ. ಎಲ್ಲವೂ ಸಿಕ್ಕಿದವನದೆಂದರೆ ನೆರೆಯವನಿಗೆ ಅನ್ನವಿಲ್ಲ. ಹಿತ್ತಲಿನವನಿಗೆ ಕಾಯುವ ಪಾಲು, ಊರಿಗೆ ಬದುಕುವ ಪಾಲು, ಮುಂದೆ ಹುಟ್ಟುವವರಿಗೆ ಬೀಜದ ಪಾಲು. ಮೂರನ್ನೂ ಬಿಡದೆ ಲೆಕ್ಕಹಾಕುವುದೇ ಧರ್ಮ.

ಇಲ್ಲಿ ಧನಿಕ ದೇಶದವರು ಹೇಳಬಹುದಾದ ಮಾತುಗಳನ್ನೂ ಕೇಳಬೇಕು. ಅವರು ಹೇಳುವರು: "ಕೊಡದೆ ಇರುವವರು ನಾವಲ್ಲ. ಕುವೈತ್ ದೇಶವು ೧೯೬೧ರಲ್ಲಿಯೇ ಬಡ ಅರಬ್ಬೀ ದೇಶಗಳಿಗೆ ನೆರವಾಗಲು ನಿಧಿಯೊಂದನ್ನಿಟ್ಟಿತು. ಮುಂದಣ ತಲೆಮಾರಿಗಾಗಿ ೧೯೭೬ರಲ್ಲಿ ಇನ್ನೊಂದನ್ನಿಟ್ಟಿತು. ೧೯೭೫ರಲ್ಲಿ ಜಿದ್ದಾ ನಗರದಲ್ಲಿ ಇಸ್ಲಾಮೀ ಅಭಿವೃದ್ಧಿ ಬ್ಯಾಂಕನ್ನು ತೆರೆದೆವು. ಅದಲ್ಲದೆ, ಎಲ್ಲರಿಗೂ ಹಂಚುತ್ತ ಹೋದರೆ ತಲೆಗೆ ಬರುವುದು ಎಷ್ಟು? ಕೆಟ್ಟ ಅರಸನಿಗೆ ಕೊಟ್ಟ ಹಣವು ಬಡವನನ್ನು ಮುಟ್ಟುವುದೇ?" ಈ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ತೂತಿನ ಕೊಡಕ್ಕೆ ನೀರು ಹೊಯ್ಯುವುದು ದಾನವಲ್ಲ. ಆದರೆ ಕೊಡದಲ್ಲಿ ತೂತಿದೆಯೆಂಬುದರಿಂದ ಬಾಯಾರಿದವನ ಬಾಯಾರಿಕೆಯು ತೀರುವುದಿಲ್ಲ. ಕೊಡವನ್ನು ಬೆಸೆಯುವ ಕೆಲಸವೂ ನೀರುಳ್ಳವನ ಕರ್ತವ್ಯದಲ್ಲಿ ಸೇರುತ್ತದೆ. ಶಾಲೆ, ಬಾವಿ, ಔಷಧ, ರಸ್ತೆ, ಎಲ್ಲಕ್ಕಿಂತ ಮಿಗಿಲಾಗಿ ಯುದ್ಧವನ್ನು ನಿಲ್ಲಿಸುವ ಯತ್ನ, ಇವು ತೂತಿನಿಂದ ಸೋರುವುದು ಕಡಿಮೆ. ಯುದ್ಧಕ್ಕೆ ಆಯುಧವನ್ನು ಕಳುಹಿಸಿ ಗಾಯಕ್ಕೆ ಬಟ್ಟೆಯನ್ನು ಕಳುಹಿಸುವವನ ಲೆಕ್ಕದಲ್ಲಿಯಾದರೋ ದಾನದ ಕಂಬವು ಎಂದಿಗೂ ತುಂಬಲಾರದು.

ಇನ್ನೊಂದು ಪಾಲು ಬಾಗಿಲಲ್ಲಿಯೇ ನಿಂತಿದೆ. ಕತಾರದ ಸುಮಾರು ಮೂವತ್ತು ಲಕ್ಷ ನಿವಾಸಿಗಳಲ್ಲಿ ಆ ದೇಶದ ಪ್ರಜೆಗಳು ಹತ್ತರಲ್ಲೊಂದರಷ್ಟು. ಉಳಿದವರು ಭಾರತ, ನೇಪಾಳ, ಬಾಂಗ್ಲಾದೇಶ ಮೊದಲಾದ ಕಡೆಗಳಿಂದ ದುಡಿಯಲು ಬಂದವರು. ಯಜಮಾನನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರಕೂಡದೆಂಬ ಕಟ್ಟು ಅವರ ಮೇಲೆ ಬಹುಕಾಲವಿತ್ತು. ೨೦೨೦ರಲ್ಲಿ ಅಲ್ಲಿಯ ಸರಕಾರವು ಕಾನೂನಿನಲ್ಲಿ ಅದನ್ನು ಸಡಿಲಿಸಿತು. ನಿಧಿಯು ದೈವದ್ದಾದರೂ ಗೋಪುರಗಳು ಈ ಕೈಗಳವು. ಬೆವರಿಗೆ ಹೆಚ್ಚು ಪಾಲೆಂಬ ಆ ಹಳೆಯ ಲೆಕ್ಕವು ಇವರಿಗೂ ಸಲ್ಲಬೇಕಲ್ಲವೆ?

ಇಷ್ಟನ್ನು ಓದಿದವರು, ಇದು ಕೊಲ್ಲಿಯ ಶ್ರೀಮಂತರಿಗೆ ಹೇಳಿದ ನೀತಿ, ತಮಗಲ್ಲವೆಂದು ಪುಸ್ತಕವನ್ನು ಮುಚ್ಚಬಾರದು. ಕನ್ನಡ ನಾಡಿಗೆ ಯಮನ್ ದೇಶದ ಸಾಲವೊಂದುಂಟು. ಒಂದು ಕಾಲದಲ್ಲಿ ಕಾಫಿಯೆಂದರೆ ಯಮನ್ ದೇಶದ ಮೋಖಾ ರೇವಿನಿಂದಲೇ ಹೊರಗೆ ಬರಬೇಕಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರರು ಯಾತ್ರೆಯಿಂದ ಹಿಂದಿರುಗುವಾಗ ಅಲ್ಲಿಂದ ಏಳು ಕಾಫಿಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಚಿಕ್ಕಮಗಳೂರು, ಕೊಡಗು, ಹಾಸನಗಳ ಕಾಫಿತೋಟಗಳು ಆ ಬೀಜಗಳ ಸಂತಾನವೆಂದೇ ಜನರು ನಂಬಿರುವರು. ಅದರಿಂದ ಎಷ್ಟು ಮನೆಗಳು ಉದ್ಧಾರವಾದುವು, ಎಷ್ಟು ಮಕ್ಕಳು ವಿದ್ಯಾವಂತರಾದರು! ಬೀಜವನ್ನು ಕೊಟ್ಟ ಯಮನ್ ದೇಶವು ೨೦೧೪ರಿಂದ ಅಂತರ್ಯುದ್ಧದಲ್ಲಿ ಬೆಂದು, ಅಲ್ಲಿಯ ಜನರಲ್ಲಿ ಅರ್ಧದಷ್ಟು ಮಂದಿ ಪರರ ನೆರವನ್ನು ಎದುರುನೋಡುವ ಸ್ಥಿತಿಗೆ ಬಂದಿತು. ಮುಂಜಾನೆ ಲೋಟವನ್ನು ಕೈಗೆತ್ತಿಕೊಳ್ಳುವ ಮಲೆನಾಡಿನ ಗೃಹಸ್ಥನಿಗೆ ಈ ಸಾಲದ ನೆನಪು ಬರುವುದಿಲ್ಲ. ಕತಾರದ ಗೃಹಸ್ಥನಿಗೂ ಹೀಗೆಯೇ ಬರುವುದಿಲ್ಲ.

ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಸಾಲಗಾರನೆಂಬುದನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನೂ ಹೇಳುತ್ತದೆ: ಮನುಷ್ಯರ ಋಣ. ಬಂದವನಿಗೆ ನೆರಳನ್ನೂ ಹಸಿದವನಿಗೆ ಅನ್ನವನ್ನೂ ಕೊಟ್ಟು ಅದನ್ನು ತೀರಿಸಬೇಕು. ದಾನವೆಂದುಕೊಂಡವನು ಕೊಡುವಾಗ ಬೀಗುವನು, ಕೊಡದಿದ್ದರೆ ನಿಶ್ಚಿಂತೆಯಿಂದ ಮಲಗುವನು. ಸಾಲವೆಂದುಕೊಂಡವನು ಕೊಟ್ಟಾಗ ಹಗುರಾಗುವನು, ಕೊಡದಿದ್ದರೆ ಅವನಿಗೆ ನಿದ್ರೆ ಬಾರದು. ಎರಡಕ್ಕೂ ಇರುವ ಅಂತರವು ಇಷ್ಟೆ. ಆದರೆ ಬಡವನ ಮಾನವು ಉಳಿಯುವುದೂ ಅಳಿಯುವುದೂ ಈ ಅಂತರದಲ್ಲಿಯೇ ಇದೆ. ಸಾಲವನ್ನು ಹಿಂದಕ್ಕೆ ಪಡೆಯುವವನು ತಲೆತಗ್ಗಿಸಬೇಕಾದುದಿಲ್ಲ.

ಎಣ್ಣೆಯ ನಿಧಿಯೂ ಒಂದು ದಿನ ಮುಗಿಯುವುದು. ಮುತ್ತಿನ ಪೇಟೆ ಮುರಿದಂತೆ ಎಣ್ಣೆಯ ಪೇಟೆಯೂ ಮುರಿಯಬಹುದು. ಆಗ ಆ ನಗರಗಳಿಗೆ ಬರುವ ಪಥಿಕನು ಗೋಪುರಗಳನ್ನು ನೋಡಿ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕಟ್ಟಡವೇ ಎಂದು ಕೇಳಿಯಾನು. ಕುಬಟೂರಿನ ಅರಸರಾರು, ಅವರ ಬೊಕ್ಕಸದಲ್ಲಿ ಎಷ್ಟಿತ್ತು ಎಂಬುದು ಆ ಊರಿನವರಿಗೆ ಇಂದು ಬೇಕಾಗಿಲ್ಲ. ಬಸದಿಯನ್ನು ಕಟ್ಟಿಸಿದ ರಾಣಿಯು ತನ್ನದಲ್ಲದ ಮತದವರನ್ನು ಕರೆದು ಸತ್ಕರಿಸಿದಳೆಂಬ ಮಾತು ಮಾತ್ರ ಕಲ್ಲಿನ ಮೇಲೆ ಉಳಿದಿದೆ.